ಹಾರ್ಮೋನ್, ಮೂಳೆ, ಶುಗರ್ ಟೆಸ್ಟಿಗೆ ಬರುವ ಮುಂಚೆ

ಮಂಡ್ಯದಲ್ಲಿ ರಕ್ತ ತೆಗೆಯುವ ಕೆಲಸ ನನ್ನದು. ಹತ್ತೊಂಬತ್ತು ವರ್ಷ ಆಯಿತು. ಅದರಲ್ಲಿ ಐದು ವರ್ಷ ಮೈಸೂರಿನ ಒಂದು ಸಂಶೋಧನಾ ತಂಡದ ಜೊತೆ ಐಸ್ ಬಾಕ್ಸ್ ಹೆಗಲಿಗೆ ಹಾಕಿಕೊಂಡು ಹಳ್ಳಿ ಹಳ್ಳಿ ಸುತ್ತಿದ್ದೇನೆ. ಕುರ್ಚಿಯಲ್ಲಿ ಕೂತವರು ಕೇಳುವುದು ಒಂದೇ ಪ್ರಶ್ನೆ, "ನೋವಾಗುತ್ತಾ?" ನೋವು ಎರಡು ಸೆಕೆಂಡು. ನಿನ್ನೆ ರಾತ್ರಿ ಏನು ತಿಂದಿರಿ, ಬೆಳಿಗ್ಗೆ ಯಾವ ಮಾತ್ರೆ ನುಂಗಿದಿರಿ, ಎಷ್ಟು ಗಂಟೆಗೆ ಬಂದಿರಿ ಅನ್ನುವುದರಲ್ಲೇ ಅರ್ಧ ರಿಪೋರ್ಟ್ ಬರೆದಾಗಿರುತ್ತದೆ. ಮೆಷಿನ್ ಎಷ್ಟು ಲಕ್ಷದ್ದಾದರೇನು, ಟ್ಯೂಬಿನಲ್ಲಿ ಇರುವುದನ್ನು ತಾನೇ ಅದು ಓದುವುದು?

ಮೊದಲು ಗಂಟೆಯ ವಿಷಯ. ಕಾರ್ಟಿಸಾಲ್ ಅನ್ನುವ ಒತ್ತಡದ ಹಾರ್ಮೋನ್ ಬೆಳಗಿನ ಹೊತ್ತು ತುಂಬಾ ಮೇಲಿರುತ್ತದೆ, ನಡುರಾತ್ರಿಗೆ ತಳ ಮುಟ್ಟುತ್ತದೆ. ಅದಕ್ಕೇ 8ರಿಂದ 9ರೊಳಗೆ ಬನ್ನಿ ಅನ್ನುವುದು. "ಮಳವಳ್ಳಿಯಿಂದ ಬರೋಷ್ಟರಲ್ಲಿ ಹನ್ನೊಂದಾಯ್ತು, ಪರವಾಗಿಲ್ವಾ?" ಅಂತ ಕೇಳುತ್ತಾರೆ. ಇದೊಂದಕ್ಕೆ ಮಾತ್ರ ಪರವಾಗಿಲ್ಲ ಅನ್ನೋಕಾಗಲ್ಲ. ನಾಳೆ ಮೊದಲ ಬಸ್ಸಿಗೆ ಬನ್ನಿ. ಗಂಡಸರ ಹಾರ್ಮೋನ್ ಟೆಸ್ಟೋಸ್ಟಿರಾನ್ ಕೂಡ ಬೆಳಗಿನದೇ ಲೆಕ್ಕ. ಎದೆಹಾಲು ಬರಿಸುವ ಪ್ರೊಲ್ಯಾಕ್ಟಿನ್ ಸ್ವಲ್ಪ ಪುಕ್ಕಲು ಹಾರ್ಮೋನ್. ಸೂಜಿ ನೋಡಿದ ಭಯಕ್ಕೂ ಏರುತ್ತದೆ. ಎದ್ದು ಎರಡು ಮೂರು ಗಂಟೆ ಆದಮೇಲೆ ಬನ್ನಿ, ಬಂದು ಅರ್ಧ ಗಂಟೆ ಸುಮ್ನೆ ಕೂತಿರಿ.

ಥೈರಾಯ್ಡ್ ಟೆಸ್ಟಿಗೆ ಉಪವಾಸ ಬೇಕೇಬೇಕು ಅಂತೇನಿಲ್ಲ. ಆದರೆ ಟಿಎಸ್‌ಎಚ್ ಅನ್ನುವ, ಥೈರಾಯ್ಡ್ ಗ್ರಂಥಿಗೆ ಕೆಲಸ ಹೇಳುವ ಹಾರ್ಮೋನ್ ರಾತ್ರಿ ಏರಿ ಮಧ್ಯಾಹ್ನ ಇಳಿಯುತ್ತದೆ. ಹಾಗಾಗಿ ಹೋದ ಸಲ ಬೆಳಿಗ್ಗೆ ಕೊಟ್ಟಿದ್ದರೆ ಈ ಸಲವೂ ಬೆಳಿಗ್ಗೆಯೇ ಕೊಡಿ. ಥೈರಾಯ್ಡ್ ಮಾತ್ರೆ ನುಂಗುವವರು ಅವತ್ತಿನ ಮಾತ್ರೆಯನ್ನು ಪರ್ಸಿನಲ್ಲಿ ಇಟ್ಟುಕೊಂಡು ಬನ್ನಿ, ರಕ್ತ ಕೊಟ್ಟಮೇಲೆ ನುಂಗಿ. ಡೋಸ್ ಬದಲಾಯಿಸಿದ ಮೇಲೆ ಆರರಿಂದ ಎಂಟು ವಾರ ಕಾಯಬೇಕು. ಹದಿನೈದೇ ದಿನಕ್ಕೆ ಬಂದು "ಏನೂ ಇಳಿದಿಲ್ಲ" ಅಂತ ಬೇಜಾರಾದರೆ ದುಡ್ಡು ದಂಡ. ಆ ಔಷಧ ಅರ್ಧ ಖಾಲಿಯಾಗೋಕೇ ಒಂದು ವಾರ ಬೇಕು, ರಕ್ತದಲ್ಲಿ ಹೊಸ ಮಟ್ಟಕ್ಕೆ ನಿಲ್ಲೋಕೆ ಇನ್ನೂ ಜಾಸ್ತಿ.

ಈಗ ಕೂದಲಿನ ಮಾತ್ರೆ. ಕೂದಲು ಉದುರುತ್ತೆ ಅಂತ ಮೆಡಿಕಲ್ ಶಾಪಿನಲ್ಲಿ ಕೇಳಿ ತಗೊಳ್ಳುತ್ತಾರಲ್ಲ, ಅದರಲ್ಲಿ ಬಯೋಟಿನ್ ಅನ್ನುವ ವಿಟಮಿನ್ ಇರುತ್ತದೆ. ಹಲವು ಹಾರ್ಮೋನ್ ಮೆಷಿನ್‌ಗಳ ಕೆಮಿಕಲ್ಲು ಕೂಡ ಬಯೋಟಿನ್ ಹಿಡಿದುಕೊಂಡೇ ಕೆಲಸ ಮಾಡುವುದು. ರಕ್ತದಲ್ಲಿ ಅದು ಜಾಸ್ತಿ ಇದ್ದರೆ ಮೆಷಿನ್ ತಬ್ಬಿಬ್ಬಾಗಿ ಟಿಎಸ್‌ಎಚ್ ಕಡಿಮೆ, ಥೈರಾಯ್ಡ್ ಗ್ರಂಥಿಯ ಹಾರ್ಮೋನ್ ಟಿ4 ಜಾಸ್ತಿ ತೋರಿಸುತ್ತದೆ. ಇಲ್ಲದ ಕಾಯಿಲೆ ಕಾಗದದ ಮೇಲೆ ಬರುತ್ತದೆ. ತಮಾಷೆ ಅಂದರೆ, ಕೂದಲು ಉದುರುವುದು ಥೈರಾಯ್ಡ್ ತೊಂದರೆಯಲ್ಲೂ ಇರುತ್ತದೆ. ಅಂದರೆ ಈ ಮಾತ್ರೆ ತಿನ್ನುವವರೇ ಈ ಟೆಸ್ಟಿಗೆ ಬರುವವರು! ಎರಡು ಮೂರು ದಿನ ಮುಂಚೆ ನಿಲ್ಲಿಸಿ. ಡೋಸ್ ದೊಡ್ಡದಿದ್ದರೆ ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ. ನಾವು ಕೇಳದಿದ್ದರೂ ನೀವೇ ಹೇಳಿ.

ನನ್ನದೇ ಒಂದು ತಪ್ಪು ಹೇಳಬೇಕು. ಕೆಲಸಕ್ಕೆ ಸೇರಿದ ಮೊದಲ ವರ್ಷ. ದಪ್ಪ ಕೈಯ ಒಬ್ಬ ಅಮ್ಮನವರಿಗೆ ನರ ಸಿಗುತ್ತಿರಲಿಲ್ಲ. ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡಿಸಿ, ಬಿಡಿಸಿ, ಹಿಡಿಸಿ, ಮೂರು ನಾಲ್ಕು ನಿಮಿಷ ಹುಡುಕಿದೆ. ಕ್ಯಾಲ್ಸಿಯಂ 10.7 ಬಂತು, ಇರಬೇಕಾದ್ದಕ್ಕಿಂತ ಜಾಸ್ತಿ. ಡಾಕ್ಟರು ಕ್ಯಾಲ್ಸಿಯಂ ನೋಡಿಕೊಳ್ಳುವ ಪ್ಯಾರಾಥೈರಾಯ್ಡ್ ಗ್ರಂಥಿಯ ತೊಂದರೆ ಇರಬಹುದು ಅಂದರು, ಮನೆಯವರಿಗೆ ರಾತ್ರಿಯೆಲ್ಲ ನಿದ್ದೆ ಇಲ್ಲ. ಮಾರನೇ ದಿನ ಹಿರಿಯರೊಬ್ಬರು ಪಟ್ಟಿಯನ್ನು ಹತ್ತು ಸೆಕೆಂಡು ಕಟ್ಟಿ ಬಿಚ್ಚಿ ತೆಗೆದರು. 9.8, ಸರಿಯಾಗೇ ಇತ್ತು. ಪಟ್ಟಿ ಬಿಗಿದಷ್ಟು ಹೊತ್ತೂ ನೀರಿನಂಶ ನರದಿಂದ ಹೊರಗೆ ಜಾರುತ್ತದೆ, ಪ್ರೋಟೀನ್ ಒಳಗೇ ಮಂದವಾಗುತ್ತದೆ, ಅದಕ್ಕೆ ಅಂಟಿಕೊಂಡ ಕ್ಯಾಲ್ಸಿಯಂ ಏರಿದ ಹಾಗೆ ಕಾಣುತ್ತದೆ. ಒಂದು ನಿಮಿಷದ ಮೇಲೆ ಪಟ್ಟಿ ಇದ್ದರೆ "ಬಿಚ್ಚಿ, ಆಮೇಲೆ ಮತ್ತೆ ಕಟ್ಟಿ" ಅಂತ ನೀವೇ ಹೇಳಬಹುದು. ನಾವೇನೂ ಬೇಜಾರು ಮಾಡಿಕೊಳ್ಳಲ್ಲ. ಮಾಡಿಕೊಂಡರೂ ಹೇಳಿ.

ಶುಗರ್ ಬಗ್ಗೆ ಎಲ್ಲರಿಗೂ ಗೊತ್ತು ಅಂದುಕೊಂಡಿರುತ್ತಾರೆ, ಆದರೂ ಎರಡು ಮಾತು. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಬಿಟ್ಟು ನೋಡುವ ಟೆಸ್ಟಿಗೆ ಮುಂಚೆ ಮೂರು ದಿನ ಮುದ್ದೆ, ಅನ್ನ ಬಿಟ್ಟು ಪಥ್ಯ ಮಾಡಬೇಡಿ. ಎಂದಿನ ಊಟ ಮಾಡಿ, ಹಿಂದಿನ ರಾತ್ರಿಯಿಂದ ಮಾತ್ರ ಉಪವಾಸ. ಐದು ನಿಮಿಷದಲ್ಲಿ ಕುಡಿದು ಮುಗಿಸಿ, ಎರಡು ಗಂಟೆ ಕೂತಲ್ಲೇ ಕೂತಿರಿ. ಪೇಟೆ ಬೀದಿಗೆ ಹೋಗಿ ಸೀರೆ ನೋಡಿಕೊಂಡು ಬಂದರೆ ಕಾಲು ಅಷ್ಟು ಸಕ್ಕರೆ ತಿಂದುಹಾಕಿರುತ್ತದೆ. ವಾಂತಿ ಆದರೆ ಮುಚ್ಚಿಡಬೇಡಿ, ಇನ್ನೊಂದು ದಿನ ಮಾಡೋಣ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಕೂಡ ಕಬ್ಬಿಣದ ಕೊರತೆ ಇದ್ದರೆ ಸುಳ್ಳೇ ಜಾಸ್ತಿ ತೋರಿಸಬಹುದು. ರಕ್ತ ಕಡಿಮೆ ಇದೆ ಅಂತ ಮೊದಲೇ ಗೊತ್ತಿದ್ದರೆ ಡಾಕ್ಟರಿಗೆ ಹೇಳಿ.

24 ಗಂಟೆಯ ಮೂತ್ರದ ಕ್ಯಾನು ನಮ್ಮ ಜನಕ್ಕೆ ಎಲ್ಲಕ್ಕಿಂತ ಮುಜುಗರದ್ದು. ಕಿಡ್ನಿ ಕಲ್ಲಿಗೆ, ಕ್ಯಾಲ್ಸಿಯಂಗೆ, ಕಾರ್ಟಿಸಾಲ್‌ಗೆ ಇದನ್ನು ಬರೆಯುತ್ತಾರೆ. ವಿಧಾನ ಹೀಗಿದೆ. ಬೆಳಿಗ್ಗೆ 6ಕ್ಕೆ ಎದ್ದಿರಿ ಅಂತಿಟ್ಟುಕೊಳ್ಳಿ. ಆ ಮೊದಲ ಮೂತ್ರ ಕ್ಯಾನಿಗೆ ಬೇಡ, ಟಾಯ್ಲೆಟ್ಟಿಗೇ ಹೋಗಲಿ. ಗಡಿಯಾರ ನೋಡಿ 6 ಅಂತ ಬರೆದಿಡಿ. ಅಲ್ಲಿಂದ ಪ್ರತಿಯೊಂದು ಹನಿಯೂ ಕ್ಯಾನಿಗೆ, ಮಾರನೇ ದಿನ 6ಕ್ಕೆ ಎದ್ದಾಗಿನದೂ ಸೇರಿ. ಕೆಲವು ಟೆಸ್ಟಿಗೆ ಕ್ಯಾನಿನ ತಳದಲ್ಲಿ ಆಸಿಡ್ ಹಾಕಿ ಕೊಟ್ಟಿರುತ್ತೇವೆ. ಗಲೀಜು ಅಂತ ತೊಳೆದುಬಿಡಬೇಡಿ, ನೇರವಾಗಿ ಅದರೊಳಗೆ ಹೋಗಲೂ ಬೇಡಿ. ಹಳೇ ಮಗ್ಗಿನಲ್ಲಿ ಹಿಡಿದು ನಿಧಾನಕ್ಕೆ ಸುರಿಯಿರಿ. ಕೆಲಸಕ್ಕೆ ಹೋಗುವವರು ಭಾನುವಾರ ಇಟ್ಟುಕೊಂಡರೆ ವಾಸಿ.

ಆಲೆಮನೆಯಲ್ಲಿ ಬೆಲ್ಲ ಕಾಯಿಸುವ ಒಬ್ಬರು ಕ್ಯಾನನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ತಂದಿದ್ದರು. ತುಂಬಿ ತುಳುಕುತ್ತಿತ್ತು, ಬಣ್ಣ ಮಾತ್ರ ಬಾವಿ ನೀರಿನ ಹಾಗೆ. ಕೇಳಿದರೆ ತಲೆ ಕೆರೆದುಕೊಂಡರು. ಮೂರು ಸಲ ಕಬ್ಬಿನ ಗದ್ದೆಯಲ್ಲೇ ಮುಗಿಸಿಬಿಟ್ಟಿದ್ದರು, ಕಡಿಮೆ ಆಯ್ತಲ್ಲ ಅಂತ ಮನೆಗೆ ಬಂದು ನೀರು ಸೇರಿಸಿದ್ದರು. ಲ್ಯಾಬಿನಲ್ಲಿ ಇದು ಸಿಕ್ಕಿಬೀಳುತ್ತದೆ. ಒಬ್ಬ ಮನುಷ್ಯನ ಮೈಯಿಂದ ದಿನಕ್ಕೆ ಇಷ್ಟು ಕ್ರಿಯಾಟಿನಿನ್ (ಸ್ನಾಯುಗಳಿಂದ ಬರುವ ಕಸ) ಹೊರಗೆ ಹೋಗುತ್ತದೆ ಅಂತ ಒಂದು ಅಂದಾಜು ಇದೆ. ಎಷ್ಟು ಕೊಡ ನೀರು ಸುರಿದರೂ ಅದು ಹೆಚ್ಚಾಗಲ್ಲ. ಒಂದು ಸಲ ತಪ್ಪಿದರೆ ನಮಗೆ ಹೇಳಿ, ಹೊಸ ಕ್ಯಾನು ಕೊಡುತ್ತೇವೆ. ಅವರಿಗೂ ಕೊಟ್ಟೆವು. ಎರಡನೇ ಸಲ ಅವರ ಹೆಂಡತಿ ಇಡೀ ದಿನ ಅವರನ್ನು ಜಗಲಿ ಬಿಟ್ಟು ಇಳಿಯೋಕೆ ಬಿಡಲಿಲ್ಲವಂತೆ.

ಮೂಳೆ ಸಾಂದ್ರತೆ ನೋಡುವ ಡೆಕ್ಸಾ ಸ್ಕ್ಯಾನ್ ಸುಲಭ, ಸುಮ್ನೆ ಮಲಗಿದರೆ ಸಾಕು. ಹಿಂದಿನ ದಿನದಿಂದ ಕ್ಯಾಲ್ಸಿಯಂ ಮಾತ್ರೆ ಬೇಡ. ಬೆಳ್ಳಿ ಉಡಿದಾರ, ಪಿನ್ನು, ಹುಕ್ಕು ತೆಗೆದಿಡಿ. ಬೆನ್ನುಮೂಳೆಯ ಮೇಲೆ ಬೆಳ್ಳಿ ಇದ್ದರೆ ಅದನ್ನೂ ಮೂಳೆ ಅಂತಲೇ ಎಣಿಸುತ್ತದೆ. ನಿಮ್ಮ ಮೂಳೆಯನ್ನು ಆರೋಗ್ಯವಂತ ಯುವಜನರ ಮೂಳೆಗೆ ಹೋಲಿಸಿ ಕೊಡುವ ಅಂಕ ಟಿ ಸ್ಕೋರ್. ಅದು ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್, ಅಂದರೆ ಮೂಳೆ ಸವೆತ. ಮುಂದಿನ ಸಲವೂ ಅದೇ ಮೆಷಿನ್ನಿಗೆ ಹೋಗಿ.

"ದಿನಾ ಮುದ್ದೆ ತಿಂತೀವಿ, ನಮ್ಗೆ ಹೆಂಗೆ ಮೂಳೆ ಸವೆಯುತ್ತೆ?" ಅಂತ ಕೇಳದ ಅಜ್ಜಿ ಮಂಡ್ಯದಲ್ಲಿಲ್ಲ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ, ನಿಜ. ಅದನ್ನು ಕರುಳು ಹೀರಿಕೊಳ್ಳೋಕೆ ವಿಟಮಿನ್ ಡಿ ಬೇಕಲ್ವಾ? ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ ಗರ್ಭಿಣಿಯರ ರಕ್ತ ನೋಡಿದಾಗ ಸುಮಾರು ಮೂರರಲ್ಲಿ ಎರಡು ಪಾಲು ಮಂದಿಗೆ ವಿಟಮಿನ್ ಡಿ ಕಡಿಮೆ ಇತ್ತು, ಇಷ್ಟು ಬಿಸಿಲಿನ ಊರಲ್ಲೂ. ಹಾಗಂತ 60,000 ಯೂನಿಟ್ಟಿನ ಸ್ಯಾಚೆಟ್ಟನ್ನು ದಿನಾ ಹಾಲಿಗೆ ಕಲಸಿ ಕುಡಿಯಬೇಡಿ. ಸಾಮಾನ್ಯವಾಗಿ ಅದು ವಾರಕ್ಕೊಂದು, ಡಾಕ್ಟರು ಹೇಳಿದಷ್ಟು ವಾರ. ದಿನಾ ಕುಡಿದು ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರಿದವರ ರಕ್ತ ನಾನೇ ತೆಗೆದಿದ್ದೇನೆ.

ಇನ್ನು ಯಾರಾದರೂ ನಿಮ್ಮನ್ನು ಸಂಶೋಧನೆಗೆ ಸೇರಿ ಅಂದರೆ, ಒಪ್ಪಿಗೆ ಪತ್ರ ಕನ್ನಡದಲ್ಲೇ ಕೇಳಿ. ಅಲ್ಲೇ ಸಹಿ ಹಾಕಬೇಕಾಗಿಲ್ಲ, ಮನೆಗೆ ತಗೊಂಡು ಹೋಗಿ ಮಗನಿಗೋ ಮಗಳಿಗೋ ಓದಿಸಿ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ನನ್ನ ರಿಪೋರ್ಟ್ ನನಗೆ ಕೊಡ್ತೀರಾ, ಮಿಕ್ಕ ರಕ್ತ ಫ್ರೀಜರಿನಲ್ಲಿ ಇಡ್ತೀರಾ, ಯಾವುದಕ್ಕೆ, ಅಂತ ಕೇಳಿ. ಹೊಸ ಔಷಧದ ಟ್ರಯಲ್ ಆದರೆ ಸಿಟಿಆರ್‌ಐ ಅನ್ನುವ ದೇಶದ ಟ್ರಯಲ್ ಪಟ್ಟಿಯ ನೋಂದಣಿ ಸಂಖ್ಯೆ ಕೇಳಿ, 2009ರಿಂದ ಅದು ಕಡ್ಡಾಯ. ಟ್ರಯಲ್‌ನಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ ಕೊಡಬೇಕು ಅಂತ 2019ರ ನಿಯಮ ಹೇಳುತ್ತದೆ. ಮಧ್ಯೆ ಬೇಡ ಅನ್ನಿಸಿದರೆ ಬಿಡಬಹುದು, ಅದಕ್ಕಾಗಿ ನಿಮ್ಮ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಸೇರಿದ ಮೇಲೆ ಒಂದು ಉಪಕಾರ ಮಾಡಿ. ಮನೆ ಬದಲಾಯಿಸಿದರೆ, ಫೋನ್ ನಂಬರ್ ಬದಲಾದರೆ ತಿಳಿಸಿ. ಅದೇ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ ಬರೆದಿಟ್ಟಿದ್ದರು. ಎಷ್ಟೋ ವರ್ಷದ ಮೇಲೆ ಸಂಶೋಧಕರು ಮನೆ ಮನೆ ಸುತ್ತಿ ಆ ಮಕ್ಕಳನ್ನು ಹುಡುಕಿದರು, ಅಷ್ಟರಲ್ಲಿ ಅವರ ಕೂದಲು ನರೆತಿತ್ತು. ಹುಟ್ಟಿದಾಗ ತೂಕ ಕಡಿಮೆ ಇದ್ದವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಅಂತ 1996ರಲ್ಲಿ ಪ್ರಕಟವಾಯಿತು. ನಾನೂ ಒಂದು ಹುಡುಗಿಯನ್ನು ಹುಡುಕಿಕೊಂಡು ಹೋಗಿದ್ದೆ. ಮೈಸೂರಿನ ವಿಳಾಸದಲ್ಲಿ ಬೇರೆ ಬಾಡಿಗೆಯವರಿದ್ದರು. ಪಕ್ಕದ ಮನೆಯವರು ಮದುವೆಯಾಗಿ ಪಾಂಡವಪುರಕ್ಕೆ ಹೋದಳು ಅಂದರು, ಪಾಂಡವಪುರದವರು ಬಾಣಂತನಕ್ಕೆ ತವರಿಗೆ ಹೋಗಿದ್ದಾಳೆ ಅಂದರು, ತವರು ಈಗ ಕೆ.ಆರ್. ಪೇಟೆಯಲ್ಲಿತ್ತು. ಸಿಕ್ಕಿದಾಗ ಮಧ್ಯಾಹ್ನ ಒಂದೂವರೆ. ಅವಳಾಗಲೇ ಊಟ ಮಾಡಿಬಿಟ್ಟಿದ್ದಳು.