ಮೂರನೇ ವರ್ಷಕ್ಕೆ ಸಿಕ್ಕ ಟರ್ಕಿ ಹುಂಜ

ಬೆಳಗಿನ ಜಾವ ನಾಲ್ಕೂಕಾಲಿಗೆ ಮಣ್ಣಿನ ರಸ್ತೆಯ ಪಕ್ಕ ಕಾರು ನಿಲ್ಲಿಸಿ ದೀಪ ಆರಿಸಿದೆ. ಬಾಗಿಲನ್ನು ಮೆತ್ತಗೆ ಒತ್ತಿ ಮುಚ್ಚಿದೆ. ದಡಾರ್ ಅಂತ ಹಾಕಿದರೆ ಅಲ್ಲಿಗೇ ಮುಗೀತು. ಒಂದು ಬಾಗಿಲ ಸದ್ದಿಗೆ ಇಡೀ ಬೆಳಗು ಹಾಳು ಮಾಡಿಕೊಂಡದ್ದೂ ಉಂಟು.

ಇದು ಅಮೆರಿಕದ ಮಿಸೌರಿ ರಾಜ್ಯ. ನಾನು ಬಂದದ್ದು ಕಾಡು ಟರ್ಕಿಯ ಬೇಟೆಗೆ, ಕೋಳಿ ಜಾತಿಯ ದೊಡ್ಡ ಹಕ್ಕಿ ಅದು. ನಾನಿರುವ ಸೇಂಟ್ ಲೂಯಿಸ್‌ನಿಂದ ದಕ್ಷಿಣಕ್ಕೆ ಎರಡೂವರೆ ಗಂಟೆ ಓಡಿಸಿದರೆ ಓಝಾರ್ಕ್ ಗುಡ್ಡಗಳು, ಮಾರ್ಕ್ ಟ್ವೇನ್ ರಾಷ್ಟ್ರೀಯ ಅರಣ್ಯ. ಸುಮಾರು 15 ಲಕ್ಷ ಎಕರೆ. ಓಕ್ ಮರ, ಹಿಕರಿ ಮರ, ಕಾಲಿಗೆ ಸಿಗುವ ಸುಣ್ಣಕಲ್ಲು. ಪರವಾನಗಿ ಇದ್ದರೆ ಯಾರು ಬೇಕಾದರೂ ಬೇಟೆಯಾಡಬಹುದು. ನಾನು ಮಲೆನಾಡಿನವನು. ಅಜ್ಜನ ಕೇಪಿನ ಕೋವಿ ನಮ್ಮ ಮನೆಯ ಗೋಡೆಯಲ್ಲಿ ತೂಗುತ್ತಿತ್ತು, ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಶಿಕಾರಿ ಅನ್ನುವುದು ಜಗಲಿಯಲ್ಲಿ ಹೇಳುವ ಕತೆಯಾಗಿ ಉಳಿದಿತ್ತು. ಹಾಗಾಗಿ ಕೋವಿ ಹಿಡಿಯುವುದನ್ನು ನಾನು ಕಲಿತದ್ದು ಇಲ್ಲಿಗೆ ಬಂದು, ನಲವತ್ತು ದಾಟಿದ ಮೇಲೆ. ಇಲ್ಲಿ 1967ರಿಂದೀಚೆಗೆ ಹುಟ್ಟಿದವರು ಬೇಟೆಯ ಸುರಕ್ಷತಾ ಕೋರ್ಸ್ ಪಾಸಾಗದೆ ಒಬ್ಬರೇ ಹೋಗುವ ಹಾಗಿಲ್ಲ. ನನ್ನ ಪಕ್ಕದ ಬೆಂಚಿನಲ್ಲಿ ಹನ್ನೊಂದು ವರ್ಷದ ಹುಡುಗ ಕೂತಿದ್ದ. ಪರೀಕ್ಷೆಯಲ್ಲಿ ಅವನಿಗೆ ನನಗಿಂತ ಜಾಸ್ತಿ ಅಂಕ ಬಂತು.

ಮೊದಲ ಎರಡು ವರ್ಷ ಬರಿಗೈಲಿ ಬಂದೆ. ಮೊದಲ ವರ್ಷದ ತಪ್ಪು ಸುಲಭವಾಗಿ ಗೊತ್ತಾಯಿತು. ಹೊಸದಾಗಿ ಕೊಳಲು ಕೊಂಡ ಹುಡುಗನ ಹಾಗೆ ಹುಂಜವನ್ನು ಕರೆಯಲು ನಿಲ್ಲಿಸದೆ ಹೇಟೆಯ, ಅಂದರೆ ಹೆಣ್ಣು ಟರ್ಕಿಯ, ಕೂಗು ಹಾಕಿದ್ದೆ. ಎರಡನೇ ವರ್ಷದ್ದು ಮಾತ್ರ ಬಹಳ ದಿನ ತಲೆ ತಿಂದಿತು. ಬಯಲಿನ ಅಂಚಿಗೆ, ಎಲ್ಲ ಚೆನ್ನಾಗಿ ಕಾಣುವ ಜಾಗದಲ್ಲಿ ಕೂತಿದ್ದೆ. ಕೂಗಿದೆ. ಹುಂಜ ಬಂತು. ಎಂಬತ್ತು ಗಜ ದೂರದಲ್ಲಿ ನಿಂತು, ಬಾಲ ಬೀಸಣಿಗೆ ಮಾಡಿಕೊಂಡು ನಲವತ್ತು ನಿಮಿಷ ಮೆರೆಯಿತು. ಒಂದು ಹೆಜ್ಜೆ ಮುಂದೆ ಬರಲಿಲ್ಲ. ಕೊನೆಗೆ ತಿರುಗಿ ಹೋಯಿತು.

ನನಗೆ ಈ ವಿದ್ಯೆ ಕಲಿಸಿದ್ದು ಆಫೀಸಿನಿಂದ ನಿವೃತ್ತನಾದ ಹಿರಿಯ ಗೆಳೆಯ. ಐವತ್ತು ವರ್ಷದಿಂದ ಟರ್ಕಿ ಹಿಂದೆ ಓಡಾಡಿದ ಮನುಷ್ಯ. ನನ್ನ ಗೋಳು ಕೇಳಿ ನಕ್ಕ. "ನಿನಗೆ ಅದು ಕಾಣ್ತಿತ್ತು ಅಲ್ವಾ? ಹಾಗೇ ಅದಕ್ಕೂ ನಿನ್ನ ಹತ್ತಿರ ಹೇಟೆ ಇಲ್ಲ ಅಂತ ಕಾಣ್ತಿತ್ತು" ಅಂದ.

ಅಷ್ಟೇ ವಿಷಯ. ಟರ್ಕಿಗಳ ಲೋಕದಲ್ಲಿ ಹುಂಜ ಕೂಗುತ್ತದೆ, ಹೇಟೆ ಹುಡುಕಿಕೊಂಡು ಹೋಗುತ್ತದೆ. ನಾವು ಅದನ್ನು ತಿರುವುಮುರುವು ಮಾಡಿ, ಹುಂಜ ಬರಲಿ ಅಂತ ಕೂರುತ್ತೇವೆ. ಕೂಗು ಬಂದ ಜಾಗ ಕಣ್ಣಿಗೆ ಬೀಳುವ ತನಕ ಅದು ಬಂದೀತು. ಅಲ್ಲಿಂದ ಹೇಟೆ ಕಾಣದಿದ್ದರೆ ನಿಂತುಬಿಡುತ್ತದೆ. ಹಾಗಾದರೆ ಅದು ನಿಲ್ಲುವ ಜಾಗವೇ ನಮ್ಮ ಈಡಿನ ಅಳತೆಯೊಳಗೆ ಇರಬೇಕು. ನಮ್ಮ ಕಡೆ ಹಣ್ಣಿನ ಮರದ ಹತ್ತಿರ ಮರಸು ಕೂರುತ್ತಿದ್ದ ಕತೆಗಳಲ್ಲಿ ಅಜ್ಜ ಯಾವಾಗಲೂ ಪ್ರಾಣಿಗಿಂತ ಜಾಸ್ತಿ ಜಾಗವನ್ನೇ ವರ್ಣಿಸುತ್ತಿದ್ದ. ಬೇಜಾರಾಗಿ ಆಕಳಿಸುತ್ತಿದ್ದೆ. ಈಗ ಅನ್ನಿಸುತ್ತದೆ, ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ಮೂರನೇ ವರ್ಷ ಕೂಗುವುದನ್ನು ಕಲಿಯುವುದು ಬಿಟ್ಟು ನಡೆಯುವುದಕ್ಕೆ ಶುರುಮಾಡಿದೆ. ಮಾರ್ಚಿನಲ್ಲಿ ನಾಲ್ಕು ಭಾನುವಾರ ಕೋವಿ ಇಲ್ಲದೆ ಸುತ್ತಿದೆ. ಟರ್ಕಿ ತರಗೆಲೆ ಕೆದಕಿದ ಜಾಗ ಸಗಣಿ ಸಾರಿಸಿದಷ್ಟು ಅಗಲಕ್ಕೆ ಬೋಳಾಗಿರುತ್ತದೆ. ಹಿಕ್ಕೆ ನೋಡಿದರೆ ಗಂಡೋ ಹೆಣ್ಣೋ ತಿಳಿಯುತ್ತದೆ. ಹುಂಜದ್ದು ಉದ್ದಕ್ಕೆ, ತುದಿಯಲ್ಲಿ ಕೊಕ್ಕೆಯ ಹಾಗೆ ಬಾಗಿರುತ್ತದೆ. ಹೇಟೆಯದು ಸುರುಳಿ ಸುತ್ತಿದ ಗುಡ್ಡೆ. ಎದೆಯ ಗರಿ ಸಿಕ್ಕರೆ ಇನ್ನೂ ಸುಲಭ, ತುದಿ ಕಪ್ಪಾಗಿದ್ದರೆ ಹುಂಜ, ಕಂದಾಗಿದ್ದರೆ ಹೇಟೆ. ಒಂದು ದಿಣ್ಣೆಯ ಮೇಲೆ ಹಳೆಯ ಮರ ಸಾಗಿಸುವ ಗಾಡಿದಾರಿ ಇತ್ತು. ಅದರ ತುಂಬ ಕಪ್ಪು ತುದಿಯ ಗರಿ, ಕೊಕ್ಕೆ ಹಿಕ್ಕೆ.

ಬೇಟೆಯ ಋತು ಏಪ್ರಿಲ್‌ನ ಮೂರನೇ ಸೋಮವಾರ ತೆರೆಯುತ್ತದೆ, ಮೂರು ವಾರ ಇರುತ್ತದೆ. ಎರಡನೇ ವಾರದ ಮಂಗಳವಾರ ಸಂಜೆ ಹೋಗಿ ಕತ್ತಲಾಗುವ ಹೊತ್ತಿಗೆ ಗೂಬೆಯ ಕೂಗು ಹಾಕಿದೆ. ಗೂಬೆಯೋ ಕಾಗೆಯೋ ಗುಡುಗೋ, ಯಾವ ಜೋರು ಸದ್ದು ಬಂದರೂ ಹುಂಜ ತಡೆಯಲಾರದೆ ಉತ್ತರ ಕೊಟ್ಟುಬಿಡುತ್ತದೆ. ಕೊಟ್ಟಿತು. ದಿಣ್ಣೆಯ ಪೂರ್ವದ ಇಳಿಜಾರಿನ ದೊಡ್ಡ ಓಕ್ ಮರಗಳ ಮೇಲೆ ಮಲಗಲು ಏರಿತ್ತು. ಸದ್ದಿಲ್ಲದೆ ವಾಪಸ್ ಬಂದೆ.

ಅಂತೂ ಬುಧವಾರದ ಬೆಳಗ್ಗೆ. ಟಾರ್ಚ್ ಹಾಕದೆ, ಗಾಡಿದಾರಿಯ ಮಸುಕು ಬಿಳುಪನ್ನೇ ನೋಡಿಕೊಂಡು ನಡೆದೆ. ಮರ ಇನ್ನೂರು ಗಜ ಇರುವಾಗ ದಾರಿ ಒಂದು ಸಣ್ಣ ಏರು ಹತ್ತಿ ಇಳಿಯುತ್ತದೆ. ಏರಿನ ಈಚೆ ಬದಿಯಲ್ಲಿ, ತುದಿಯಿಂದ ಇಪ್ಪತ್ತೈದು ಹೆಜ್ಜೆ ಕೆಳಗೆ, ನನ್ನ ಭುಜಕ್ಕಿಂತ ಅಗಲವಾದ ಓಕ್ ಮರಕ್ಕೆ ಬೆನ್ನು ಕೊಟ್ಟು ಕೂತೆ. ಬೆನ್ನ ಹಿಂದೆ ದಪ್ಪ ಮರ ಬೇಕು. ನಮ್ಮ ಆಕಾರ ಅದರಲ್ಲಿ ಮುಚ್ಚಿಹೋಗುತ್ತದೆ, ಹಿಂದಿನಿಂದ ಇನ್ನೊಬ್ಬ ಬೇಟೆಗಾರ ತಪ್ಪಿ ಹೊಡೆದರೂ ಮರ ತಡೆಯುತ್ತದೆ. ಅದೇ ಕಾರಣಕ್ಕೆ ಕೆಂಪು, ಬಿಳಿ, ನೀಲಿ ಬಟ್ಟೆ ಹಾಕುವಂತಿಲ್ಲ. ಹುಂಜದ ತಲೆಯ ಬಣ್ಣ ಅವೇ ಮೂರು. ಹಿಂದಿನ ವರ್ಷ ನನ್ನ ಕೂಗು ಕೇಳಿ ಒಬ್ಬ ಮನುಷ್ಯನೇ ಹೊಂಚುತ್ತ ಬಂದಿದ್ದ. ಅಂಥಾಗ ಕೈ ಬೀಸಬಾರದು, ಗಟ್ಟಿಯಾಗಿ ಮಾತಾಡಬೇಕು. ನನ್ನ ಬಾಯಿಂದ ಬಂದದ್ದು "ಏಯ್, ಯಾರೋ ಅದು!" ಅಂತ ಅಪ್ಪಟ ಕನ್ನಡ. ಪಾಪ, ಅವನು ಹೌಹಾರಿದ.

ಇನ್ನು ಉಣುಗು. ಮಂಗನ ಕಾಯಿಲೆಯ ಸೀಮೆಯಲ್ಲಿ ಬೆಳೆದವನಿಗೆ ಉಣುಗು ಅಂದರೆ ಏನು ಅಂತ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಒಂದು ಜಾತಿ ಕಚ್ಚಿದರೆ ಕೆಲವರಿಗೆ ಆಮೇಲೆ ದನ, ಹಂದಿ, ಕುರಿ ಮಾಂಸವೇ ಮೈಗೆ ಆಗುವುದಿಲ್ಲ. ಟರ್ಕಿ ತಿನ್ನಬಹುದು, ಅದೊಂದು ಸಮಾಧಾನ. ಬಟ್ಟೆಗೆ ಹಿಂದಿನ ದಿನವೇ ಉಣುಗು ಕೊಲ್ಲುವ ಪರ್ಮೆಥ್ರಿನ್ ಸಿಂಪಡಿಸಿ ಒಣಗಿಸುತ್ತೇನೆ. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕುತ್ತೇನೆ. ನೋಡಲು ಚೆಂದ ಇರುವುದಿಲ್ಲ, ಆದರೆ ಕಾಡಿನಲ್ಲಿ ನೋಡುವವರು ಯಾರು?

ಐದೂವರೆ ದಾಟಿತು. ಪೂರ್ವ ಬೂದು ಬಣ್ಣಕ್ಕೆ ತಿರುಗಿ, ಡಾಗ್‌ವುಡ್ ಮರದ ಬಿಳಿ ಹೂಗಳು ಕತ್ತಲಿನಿಂದ ಒಂದೊಂದೇ ಹೊರಗೆ ಬಂದವು. ಎಲ್ಲೋ ನಿಜವಾದ ಗೂಬೆಯೇ ಕೂಗಿತು. ಅದು ಮುಗಿಸುವ ಮೊದಲೇ ಇಳಿಜಾರಿನಿಂದ ಗಳಗಳಗಳ ಅಂತ ಉತ್ತರ. ಎಷ್ಟು ಸಲ ಕೇಳಿದ್ದರೂ ಮೈ ಜುಂ ಅನ್ನುತ್ತದೆ.

ನನ್ನ ಹತ್ತಿರ ಇದ್ದದ್ದು ಸ್ಲೇಟ್ ಕಾಲ್. ಅಂಗೈ ಅಗಲದ ಮರದ ಬಟ್ಟಲಿಗೆ ಸ್ಲೇಟ್ ಕಲ್ಲು ಕೂರಿಸಿರುತ್ತಾರೆ, ಮೇಲೆ ಒಂದು ಕಡ್ಡಿಯಿಂದ ಗೀರಬೇಕು. ಒಂದನೇ ಕ್ಲಾಸಿನಲ್ಲಿ ಬಳಪ ಕಿರ್ ಅನ್ನಿಸಿ ಮೇಷ್ಟ್ರ ಹತ್ತಿರ ಒದೆ ತಿಂದವರು ಇಲ್ಲಿ ಸ್ವಲ್ಪ ಮುಂದಿರುತ್ತಾರೆ. ಕಡ್ಡಿಯನ್ನು ಪೆನ್ನಿನ ಹಾಗೆ ಹಿಡಿದು, ತುದಿಯನ್ನು ಮೇಲೆತ್ತದೆ ಕಡಲೆಕಾಳಿನಷ್ಟು ಸುತ್ತು ಹಾಕಬೇಕು. ಎತ್ತಿದರೆ ಸದ್ದು ತುಂಡಾಗುತ್ತದೆ. ಬೆರಳಿನ ಬೆವರು ಕಲ್ಲಿಗೆ ತಾಗಿದರೆ ಅಲ್ಲಿ ಮೂಕ. ಮರಳು ಕಾಗದದಿಂದ ಉಜ್ಜಿ ಒರಟು ಮಾಡಿಟ್ಟುಕೊಂಡಿರಬೇಕು.

ಮರದ ಮೇಲಿರುವಾಗ ಒಂದೇ ಒಂದು ಸಲ, ಮೂರು ಮೆತ್ತಗಿನ ಕೂಗು ಹಾಕಿದೆ. ಉತ್ತರ ಬಂತು. ಕಡ್ಡಿ ಕೆಳಗಿಟ್ಟೆ. ಆರೂಕಾಲರ ಹೊತ್ತಿಗೆ ಭಾರವಾದ ರೆಕ್ಕೆಗಳ ಬಡಿತ ಕೇಳಿತು, ಇಳಿದಿದೆ. ಆಮೇಲೆ ಸದ್ದೇ ಇಲ್ಲ. ಹೇಟೆಗಳ ಸದ್ದು ಮಾತ್ರ ಕೆಳಗೆ ಹಳ್ಳದ ಕಡೆ ಹೋಯಿತು. ನಿಜವಾದ ಹೇಟೆಗಳಿರುವಾಗ ನನ್ನ ಬಳಪದ ಸಂಗೀತ ಯಾರಿಗೆ ಬೇಕು?

ಹೋದ ವರ್ಷದ ನಾನಾಗಿದ್ದರೆ ಎದ್ದು ಹಿಂದೆ ಹೋಗುತ್ತಿದ್ದೆ. ಟರ್ಕಿಯ ಕಣ್ಣು ಬಹಳ ಚುರುಕು, ತಲೆ ಸ್ವಲ್ಪ ತಿರುಗಿಸಿದರೆ ಸಾಕು, ಸುತ್ತ ಎಲ್ಲ ಕಾಣುತ್ತದೆ. ಎದ್ದರೆ ಕೆಲಸ ಕೆಟ್ಟಿತು. ಕೂತೇ ಇದ್ದೆ. ಎಡಗಾಲು ಜೋಮು ಹಿಡಿಯಿತು. ಕೂತು ಕೂತು ನನ್ನ ಗೆಳೆಯ ಹೇಳಿದ್ದ ಹಳೆಯ ಸಂಗತಿ ನೆನಪಾಯಿತು. 1950ರ ದಶಕದ ಶುರುವಿನಲ್ಲಿ ಇಡೀ ಮಿಸೌರಿಯಲ್ಲಿ ಎರಡೂವರೆ ಸಾವಿರ ಟರ್ಕಿ ಕೂಡ ಇರಲಿಲ್ಲವಂತೆ. ಕಾಡು ಕಡಿದು, ಸಿಕ್ಕಾಪಟ್ಟೆ ಹೊಡೆದು ಮುಗಿಸಿದ್ದರು. 1954ರಿಂದ ರಾಜ್ಯದ ಸಂರಕ್ಷಣಾ ಇಲಾಖೆಯವರು ಜೋಳ ಚೆಲ್ಲಿ, ಸಣ್ಣ ಫಿರಂಗಿಗಳಿಂದ ಬಲೆ ಹಾರಿಸಿ, ಉಳಿದವನ್ನು ಹಿಡಿದು ಬೇರೆ ಬೇರೆ ಕಾಡಿಗೆ ಬಿಟ್ಟರು. 1960ರಲ್ಲಿ ಮೂರು ದಿನದ ಬೇಟೆಗೆ ಬಿಟ್ಟಾಗ ಸಿಕ್ಕದ್ದು 94 ಹಕ್ಕಿ. ಈಗ ಒಂದು ವಸಂತಕ್ಕೆ ಮೂವತ್ತು ಸಾವಿರ ದಾಟುತ್ತದೆ. ಕೋವಿ, ತೋಟಾಗಳ ಮೇಲಿನ 11% ತೆರಿಗೆ 1937ರ ಕಾನೂನಿನಂತೆ ವನ್ಯಜೀವಿಗೇ ಹೋಗುತ್ತದೆ. ಊರಿನಲ್ಲಿರುವ ಅಣ್ಣನ ಮಗಳಿಗೆ ಇದನ್ನು ಫೋನಿನಲ್ಲಿ ವಿವರಿಸಿದರೆ ಅವಳು, "ಚಿಕ್ಕಪ್ಪಾ, ಕೊಲ್ಲೋಕೆ ಎಷ್ಟು ನೆಪ!" ಅಂದಳು. ಅವಳ ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ.

ಏಳು ಗಂಟೆಗೆ ಇನ್ನೊಮ್ಮೆ ಮೆತ್ತಗೆ ಗೀರಿದೆ. ಕೈಯಿಂದ ಪಕ್ಕದ ತರಗೆಲೆಗಳನ್ನು ಕೆದಕಿದೆ, ಹೇಟೆ ಮೇಯುವ ಹಾಗೆ. ಹಳ್ಳದಿಂದ ಗಳಗಳಗಳ! ಕೋವಿಯನ್ನು ಮೊಣಕಾಲ ಮೇಲಿಟ್ಟು, ಮೂತಿಯನ್ನು ಏರಿನ ತುದಿಗೆ ತಿರುಗಿಸಿದೆ. ಕೈ ಇನ್ನು ಸ್ಲೇಟ್ ಮುಟ್ಟುವ ಹಾಗಿಲ್ಲ.

ಆಮೇಲೆ ಬಂದದ್ದು ಕಿವಿಗೆ ಕೇಳುವ ಸದ್ದಲ್ಲ. ದೂರದಲ್ಲಿ ಲಾರಿ ಏರು ಹತ್ತುವಾಗ ಎದೆಗೂಡಿನಲ್ಲಿ ಗುಂಯ್ ಅನ್ನುತ್ತದಲ್ಲ, ಹಾಗೆ. ಹುಂಜ ಮೈ ಉಬ್ಬಿಸಿ ಗುಮ್ಮುತ್ತಿದೆ. ಹತ್ತಿರವಿದೆ, ಆದರೆ ಕಾಣುತ್ತಿಲ್ಲ. ಏರಿನ ಆಚೆ ಮೊದಲು ಬಾಲದ ಬೀಸಣಿಗೆಯ ಅಂಚು ಎದ್ದಿತು, ಬಿಸಿಲು ಅದರ ಹಿಂದೆ. ಗರಿಗಳೆಲ್ಲ ಒಂದೇ ಸಮ. ನಡುವಿನ ಗರಿ ಉದ್ದವಿದ್ದರೆ ಅದು ಒಂದು ವರ್ಷದ ಪಡ್ಡೆ. ಇದು ಬಲಿತದ್ದೇ. ಆಮೇಲೆ ತಲೆ, ನೆತ್ತಿ ಸುಣ್ಣದಷ್ಟು ಬಿಳಿ, ಕೆನ್ನೆ ನೀಲಿ, ಕತ್ತಿನ ಗಂಟುಗಳು ಕುಂಕುಮ ಕೆಂಪು. ನಿಂತು ನನ್ನ ಕಡೆಗೇ ನೋಡಿತು. ಹೇಟೆ ಎಲ್ಲಿ?

ಇಪ್ಪತ್ತೈದು ಹೆಜ್ಜೆ. ಋತುವಿಗೆ ಮೊದಲೇ ನನ್ನ 20 ಗೇಜ್ ಕೋವಿಯನ್ನು ಕಾಗದಕ್ಕೆ ಹೊಡೆದು, 35 ಗಜದವರೆಗೆ ಹತ್ತು ಇಂಚಿನ ವೃತ್ತದೊಳಗೆ ನೂರಕ್ಕೂ ಹೆಚ್ಚು ಚರೆ ಬೀಳುವುದನ್ನು ಎಣಿಸಿದ್ದೆ. ದೂರದ ಚಿಂತೆ ಇರಲಿಲ್ಲ. ಆದರೆ ಉಬ್ಬಿಕೊಂಡಿದ್ದಾಗ ಕತ್ತು ಮಡಚಿಕೊಂಡಿರುತ್ತದೆ, ಹೊಡೆಯಬಾರದು. ಗುರಿ ತಲೆ ಮತ್ತು ಕತ್ತು ಮಾತ್ರ. ಅದು ಕತ್ತು ಚಾಚಬೇಕು. ಕೈ ಕಟ್ಟಿಹೋಗಿದೆ, ಏನು ಮಾಡಲಿ? ಎತ್ತಿಗೆ ಹೇಳುವ ಹಾಗೆ ನಾಲಿಗೆಯಿಂದ ಒಂದು ಸಲ "ಟಕ್" ಅಂದೆ. ಗರಿಗಳು ಒಂದೇ ಕ್ಷಣದಲ್ಲಿ ಕುಸಿದವು, ಕತ್ತು ಕೋಲಿನ ಹಾಗೆ ನೆಟ್ಟಗಾಯಿತು. ಈಡು ಹೊಡೆದೆ.

ಬಿದ್ದಲ್ಲೇ ರೆಕ್ಕೆ ಬಡಿಯಿತು. ಜೋಮು ಹಿಡಿದ ಕಾಲಿನಲ್ಲೇ ಕುಂಟಿಕೊಂಡು ಓಡಿ ಕತ್ತಿನ ಮೇಲೆ ಬೂಟು ಇಟ್ಟೆ. ಅದು ಸುಮ್ಮನಾದ ಮೇಲೂ ನನ್ನ ಕೈ ನಡುಗುತ್ತಿತ್ತು. ಏಳು ಹನ್ನೆರಡು. ಬಿಸಿಲಿಗೆ ಎದೆಯ ಗರಿ ತಾಮ್ರದ ಹಂಡೆಯ ಹಾಗೆ ಹೊಳೆಯಿತು. ಎದೆಯಿಂದ ಜೋತಾಡುವ ಗಡ್ಡ ಒಂಬತ್ತೂವರೆ ಇಂಚು. ಇಲ್ಲಿ ಕಾನೂನೂ ಗಡ್ಡ ನೋಡುತ್ತದೆ, ವಸಂತದಲ್ಲಿ ಹುಂಜವನ್ನು ಇಲ್ಲವೇ ಗಡ್ಡ ಇದ್ದ ಹಕ್ಕಿಯನ್ನು ಮಾತ್ರ ಹೊಡೆಯಬಹುದು. ಕೆಲವು ಹೇಟೆಗಳಿಗೂ ಗಡ್ಡ ಬರುತ್ತದೆ, ಅದು ಬೇರೆ ಮಾತು. ಕಾಲಿನ ಮುಳ್ಳು ಒಂದು ಇಂಚು ಮೀರಿತ್ತು, ಮೂರು ವರ್ಷವಾದರೂ ಆಗಿರಬೇಕು. ಮನೆಯಲ್ಲಿ ತೂಗಿದಾಗ ಒಂಬತ್ತು ಕೆಜಿಗೆ ಸ್ವಲ್ಪ ಕಡಿಮೆ.

ಪರವಾನಗಿಯಲ್ಲಿ ಆ ದಿನವನ್ನು ಗುರುತು ಮಾಡಿದೆ, ಸಿಗ್ನಲ್ ಸಿಕ್ಕ ಕಡೆ ಇಲಾಖೆಗೆ ವರದಿ ಮಾಡಿದೆ. ರಾತ್ರಿ ಹತ್ತರೊಳಗೆ ಮಾಡಲೇಬೇಕು. ಹಕ್ಕಿಯನ್ನು ಕಿತ್ತಳೆ ಬಣ್ಣದ ಚೀಲದಲ್ಲಿ ಮುಚ್ಚಿ ಹೆಗಲಿಗೆ ಹಾಕಿದೆ. ಸತ್ತ ಟರ್ಕಿಯ ರೆಕ್ಕೆ ಹೊತ್ತವನ ಬೆನ್ನ ಮೇಲೆ ಅಲ್ಲಾಡುವುದು ದೂರದಿಂದ ಬದುಕಿರುವ ಟರ್ಕಿಯ ಹಾಗೇ ಕಾಣುತ್ತದೆ.

ಎದೆಯ ಮಾಂಸ ತೆಳ್ಳಗೆ ಕೊಯ್ದು ಮೆಣಸು ಹಾಕಿ ಹುರಿದರೆ ಮೆತ್ತಗಿರುತ್ತದೆ. ಕಾಲು ಹಾಗಲ್ಲ. ಎಲುಬಿನಷ್ಟು ಗಟ್ಟಿಯಾದ ನರಗಳು. ಅಂಗಡಿಯ ಕೋಳಿ ಅಂದುಕೊಂಡು ಮೂರು ಸೀಟಿ ಹಾಕಿಸಿದೆ, ಚಪ್ಪಲಿ ಅಗಿದ ಹಾಗಾಯಿತು. ಮತ್ತೆ ಕುಕ್ಕರಿಗೆ ಹಾಕಿ ಹತ್ತು ಸೀಟಿ. ಹುರಿದ ಕೊಬ್ಬರಿ, ಧನಿಯ, ಗಸಗಸೆ ರುಬ್ಬಿ ನಾಟಿ ಕೋಳಿ ಸಾರಿನ ಹಾಗೇ ಮಾಡಿದೆವು. ನನ್ನ ಹೆಂಡತಿ ಮುದ್ದೆ ಕಟ್ಟಿದಳು. ಗೆಳೆಯನನ್ನೂ ಕರೆದಿದ್ದೆವು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅಂತ ಹೇಳಿಕೊಟ್ಟೆ. ಆತ ಎರಡು ತುತ್ತು ನುಂಗಿ, ಸಾರು ಸುರಿದು, ಮೂರನೇ ತುತ್ತಿಗೆ ಬಾಯಿಂದ ಒಂದು ಚರೆ ತೆಗೆದು ತಟ್ಟೆಯಂಚಿಗೆ ಟಣ್ ಅಂತ ಹಾಕಿದ. "ಸ್ವಲ್ಪ ಕೆಳಗೆ ಹೊಡೆದಿದ್ದೀಯ" ಅಂದ.