ಟಿಕೆಟ್ ಪಕ್ಕಾ ಆಗುವ ಮೊದಲೇ ಸಹಿ: ಬಯಲಾಟದ ಕಟ್ಟೆಗೆ ಒಪ್ಪಿಗೆ ಪಡೆದ ನನ್ನ ಅನುಭವ

‘ಎಲೆಕ್ಷನ್‌ದಾಗ ಕಲಾವಿದರ ಮಾತು ಯಾರ್ ಕೇಳ್ತಾರ?’ ಅಂತ ನಕ್ಕವರ ಊರಲ್ಲೇ ಈಗ ಬಯಲಾಟದ ಕಟ್ಟೆ (ಆಟ ಆಡುವ ವೇದಿಕೆ) ಕ್ರಿಯಾ ಯೋಜನೆಗೆ, ಅಂದರೆ ಮಾಡಬೇಕಾದ ಕಾಮಗಾರಿಗಳ ಪಟ್ಟಿಗೆ, ಸೇರಿದೆ. ಚುನಾವಣೆಗೆ ಮುಂಚೆ ಅಭ್ಯರ್ಥಿಗಳಿಂದ ಬರೆದ ಭರವಸೆಗೆ ಸಹಿ ಹಾಕಿಸಿಕೊಂಡದ್ದರ ಫಲ ಇದು. ಜೇವರ್ಗಿ, ಶಹಾಪುರ, ಸುರಪುರ ಕಡೆಯ ಮೇಳದವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಮನವಿ ಬರೆಯುವುದು, ಶಾಸಕರ ಪಿಎ (ಆಪ್ತ ಸಹಾಯಕ) ಹಿಡಿಯುವುದು ನಿಮಗೆ ಗೊತ್ತಿದ್ದದ್ದೇ.

ಮೊದಲು ದಂಡವಾದ ದಾರಿಗಳು. ಅಭ್ಯರ್ಥಿಯನ್ನು ಕರೆದು ಸನ್ಮಾನ ಮಾಡಿದರೆ ಪೆಂಡಾಲು, ಮೈಕು, ಶಾಲು, ಹಾರ, ಊಟ ಸೇರಿ ಹದಿನೈದಿಪ್ಪತ್ತು ಸಾವಿರ ಹೋಗುತ್ತದೆ. ಅವರು ‘ಕಲೆ ಉಳಿಸೋಣ’ ಅಂತ ಹೇಳಿ ಕಾರು ಹತ್ತುತ್ತಾರೆ. ಹನ್ನೆರಡು ಬೇಡಿಕೆಯ ಮನವಿ ಕೊಟ್ಟರೆ ಒಂದೂ ನೆನಪಿರುವುದಿಲ್ಲ. ಅವರದೇ ವೇದಿಕೆಯಲ್ಲಿ ಪುಕ್ಕಟೆ ತತ್ವಪದ ಹಾಡಿದಿರೋ, ನಿಮಗೆ ಆ ಪಕ್ಷದ ಮುದ್ರೆ ಬಿತ್ತು, ಎದುರಾಳಿ ಮತ್ತೆ ಬಾಗಿಲು ತೆಗೆಯುವುದಿಲ್ಲ.

ಫಲ ಕೊಟ್ಟದ್ದು ಒಂದೇ ಹಾಳೆ, ಅದರಲ್ಲಿ ಎರಡೇ ಬೇಡಿಕೆ. ಎರಡೂ ಶಾಸಕರ ಕೈಯಲ್ಲಿರುವ ದುಡ್ಡಿಗೆ ಸಂಬಂಧಿಸಿದವು. ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದು 5 ಕೋಟಿ. ಎರಡೂ ಬಾಳಿಕೆ ಬರುವ ಆಸ್ತಿಗೆ ಮೀಸಲು. ಕಿರೀಟ, ಭುಜಕೀರ್ತಿ, ಹಾರ್ಮೋನಿಯಂ ಮಾಸ್ತರರ ಸಂಭಾವನೆ ಅಲ್ಲಿಂದ ಹುಟ್ಟುವುದಿಲ್ಲ. ಅವಕ್ಕೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯದ ಬಾಗಿಲು ಬೇರೆ ಇದೆ. ಆದ್ದರಿಂದ ಮೊದಲ ಬೇಡಿಕೆಯನ್ನು ‘ಕಲೆಗೆ ಪ್ರೋತ್ಸಾಹ’ ಅಂತ ಬರೆಯದೆ ‘ಇಂಥ ಊರಿನ ಇಂಥ ಜಾಗದಲ್ಲಿ ಕಟ್ಟೆ, ಹಿಂದೆ ವೇಷ ಕಟ್ಟುವ ಬಣ್ಣದ ಕೋಣೆ’ ಅಂತ ಬರೆಯಬೇಕು. ಎರಡನೆಯದು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಕಳಿಸುವ ಕಾಮಗಾರಿ ಪಟ್ಟಿಯಲ್ಲಿ ಆಟದ ಅಭ್ಯಾಸಕ್ಕೆ ತಾಲೂಕಿಗೊಂದು ತಾಲೀಮು ಮನೆ.

ಹಾಳೆಯ ಜೊತೆ ಪಂಚಾಯಿತಿ ಜಾಗದ ಉತಾರ (ಆಸ್ತಿ ದಾಖಲೆ), ಪಂಚಾಯಿತಿ ಠರಾವಿನ (ನಿರ್ಣಯದ) ನಕಲು, ಎಂಜಿನಿಯರ್ ಅಂದಾಜು ಪಟ್ಟಿ ಮೂರೂ ಇರಲಿ. ಗುಡಿಯ ಜಾಗ, ಗೌಡರು ಬಾಯಿಮಾತಿನಲ್ಲಿ ಬಿಟ್ಟ ಜಾಗ ನಡೆಯುವುದಿಲ್ಲ, ಕಡತ ಅಲ್ಲೇ ಕೊಳೆಯುತ್ತದೆ. ಅಂದಾಜು ಹತ್ತು ಹನ್ನೆರಡು ಲಕ್ಷದೊಳಗೆ ಇದ್ದರೆ ಯಾವುದಾದರೂ ವರ್ಷದಲ್ಲಿ ತುರುಕಬಹುದು. ಮೂವತ್ತು ಲಕ್ಷ ಅಂದರೆ ‘ನೋಡೋಣ’ ಎಂಬ ಉತ್ತರ ಸಿಗುತ್ತದೆ.

ನಕ್ಷೆಯನ್ನು ಮಾತ್ರ ಎಂಜಿನಿಯರ್‌ಗೆ ಬಿಡಬೇಡಿ. ಅವರ ಹತ್ತಿರ ಶಾಲೆಯ ವೇದಿಕೆಯ ನಕ್ಷೆ ಇರುತ್ತದೆ: ಹತ್ತಡಿ ಸೂರು, ಎದುರಿಗೇ ಕಂಬ. ದೊಡ್ಡಾಟದ (ಭಾರಿ ವೇಷದ ಬಯಲಾಟದ) ವೇಷ ಕಿರೀಟ ಹೊತ್ತು ಹಾರಿದರೆ ಸೂರು ಬಡಿಯುತ್ತದೆ. ಹದಿನಾಲ್ಕು ಅಡಿ ಎತ್ತರ, ಮುಂದೆ ಕಂಬವಿಲ್ಲದ ಮೂವತ್ತಡಿ ಅಗಲ, ಹಿಂದೆ ಎಡಕ್ಕೂ ಬಲಕ್ಕೂ ಬಾಗಿಲು, ಹಿಮ್ಮೇಳಕ್ಕೆ ನಾಲ್ಕಡಿ ಜಾಗ ಕೇಳಿ. ಬರೀ ಸಿಮೆಂಟು ನೆಲ ಮೊಣಕಾಲು ತಿನ್ನುತ್ತದೆ, ಹಲಗೆ ಹಾಸಲು ಎರಡಿಂಚು ತಗ್ಗು ಬಿಡಿಸಿ. ಹೆಣ್ಣುಮಕ್ಕಳ ಶೌಚಾಲಯ ಅಂದಾಜಿನಲ್ಲೇ ಇರಲಿ, ಆಮೇಲೆ ಸೇರಿಸುವವರು ಯಾರೂ ಇಲ್ಲ.

ಇನ್ನು ವೇಳೆ. 2023ರ ವಿಧಾನಸಭೆ ಚುನಾವಣೆಗೆ ಮಾರ್ಚ್ 29ಕ್ಕೆ ಘೋಷಣೆ, ಏಪ್ರಿಲ್ 13ಕ್ಕೆ ಅಧಿಸೂಚನೆ, ಏಪ್ರಿಲ್ 24ಕ್ಕೆ ನಾಮಪತ್ರ ವಾಪಸಿನ ಕೊನೆ, ಮೇ 10ಕ್ಕೆ ಮತದಾನ. ವಾಪಸಾತಿ ಮುಗಿದ ಮೇಲೆ ಅಭ್ಯರ್ಥಿಗೆ ಐದು ನಿಮಿಷವೂ ಇರುವುದಿಲ್ಲ. ಘೋಷಣೆಗೆ ಮುಂಚಿನ ಎರಡು ತಿಂಗಳು ಆಕಾಂಕ್ಷಿಗಳು ಊರೂರು ತಿರುಗಿ ಮಂದಿ ಕೂಡಿಸುತ್ತಾರೆ. ಸಹಿ ಬೀಳುವುದು ಆಗಲೇ. ಘೋಷಣೆಯ ನಂತರ ಸಭೆ ಮಾಡಿದರೆ ಪರವಾನಗಿ ಬೇಕು, ನಾಮಪತ್ರ ಹಾಕಿದ ಮೇಲೆ ಅಭ್ಯರ್ಥಿ ಬಂದು ಪ್ರಚಾರ ಮಾಡಿದರೆ ಖರ್ಚು ಅವರ ಚುನಾವಣಾ ವೆಚ್ಚದ 40 ಲಕ್ಷದ ಮಿತಿಗೆ ಸೇರುತ್ತದೆ, ಹಾಗಾಗಿ ಬರುವುದೇ ಇಲ್ಲ. ಕರಪತ್ರ ಹಂಚುವುದಾದರೆ ಮುದ್ರಕರ, ಪ್ರಕಾಶಕರ ಹೆಸರು ವಿಳಾಸ ಇರಲೇಬೇಕು.

ಅಭ್ಯರ್ಥಿಗಳನ್ನು ಮಾತಿಗೆ ಕೂರಿಸುವುದು ಬೂತ್ ಲೆಕ್ಕ. ಮತದಾರರ ಪಟ್ಟಿಯ ಭಾಗ ಸಂಖ್ಯೆ ಹಿಡಿದು ಪ್ರತಿ ಬೂತಿನಲ್ಲಿ ಆಟದವರು, ಭಜನೆಯವರು, ಹಲಗೆ ಬಾರಿಸುವವರು, ಮೊಹರಂ ಪದದವರು ಎಷ್ಟು ಮಂದಿ ಅಂತ ಬರೆಯಿರಿ. ಮೊತ್ತ ಮಾತ್ರ ತೋರಿಸಿ, ಹೆಸರಿನ ಪಟ್ಟಿ ಕೊಡಬೇಡಿ. ಕೊಟ್ಟರೆ ಮರುದಿನವೇ ಮನೆಮನೆಗೆ ದುಡ್ಡಿನ ಲಕೋಟೆ ಹೋಗುತ್ತದೆ, ಮೇಳ ಒಡೆಯುತ್ತದೆ. ಹಾಳೆಯಲ್ಲಿ ‘ಗೆದ್ದರೆ ಇದನ್ನು ಮಾಡುತ್ತೇನೆ’ ಎಂದಷ್ಟೇ ಇರಲಿ, ಮತದ ಮಾತು ಬೇಡ. ಎಲ್ಲ ಪಕ್ಷಕ್ಕೂ ಅದೇ ಹಾಳೆ, ಎರಡು ಪ್ರತಿ, ಎರಡಕ್ಕೂ ಸಹಿ. ಯಾರ ಸಹಿ ಮೊದಲು ಬೀಳಬೇಕು, ಅದನ್ನು ಎದುರಾಳಿಗೆ ಹೇಗೆ ಮುಟ್ಟಿಸಬೇಕು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಆ ಕ್ರಮದಿಂದಲೇ ಅಭ್ಯರ್ಥಿಗಳಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಸಹಿ ಹಾಕಿದರು. ಝೆರಾಕ್ಸ್, ಪೆಟ್ರೋಲ್, ಚಹಾ ಎಲ್ಲ ಸೇರಿ ಖರ್ಚು ನಾಲ್ಕೈದು ಸಾವಿರ.

ಬೀದರ ಕಡೆ ಇನ್ನೊಂದು ಪ್ರಯೋಗ ನಡೆಸಿದೆವು. ಗೆದ್ದ ಮೇಲೆ ಸರಕಾರಿ ಸಮಾರಂಭಗಳ ನೆನಪಿನ ಕಾಣಿಕೆಯೆಲ್ಲ ಬಿದ್ರಿಯದೇ (ಕಪ್ಪು ಲೋಹದಲ್ಲಿ ಬೆಳ್ಳಿ ಕೂರಿಸಿದ ಕುಸುರಿ) ಆಗಲಿ ಎಂಬ ಬೇಡಿಕೆ. ಒಪ್ಪಿದವರು ಬಹಳ, ಆದರೆ ಆರ್ಡರ್ ಎರಡು ದಿನ ಮುಂಚೆ ಬರುತ್ತದೆ. ಎರಕ, ಕೆತ್ತನೆ, ಬೆಳ್ಳಿ ಕೂರಿಸುವುದು, ಕೋಟೆಯ ಮಣ್ಣಿನಲ್ಲಿ ಕಪ್ಪು ಮಾಡುವುದು ಅಷ್ಟರಲ್ಲಿ ಆಗದು. ಬೆಳ್ಳಿಗೆ ಮುಂಗಡವೂ ಬರಲಿಲ್ಲ. ‘ಒಂದು ತಿಂಗಳು ಮೊದಲು ಆರ್ಡರ್, ಅರ್ಧ ಮುಂಗಡ’ ಎಂಬ ಸಾಲು ಸೇರಿಸದೆ ಇದನ್ನು ಕೇಳಬೇಡಿ.

ಫಲಿತಾಂಶದ ವಾರ ಹಾರ ಹಿಡಿದು ಹೋಗಬೇಡಿ, ಆ ಗದ್ದಲದಲ್ಲಿ ಹಾಳೆ ಕಳೆಯುತ್ತದೆ. ಮೊದಲ ಕ್ರಿಯಾ ಯೋಜನೆ ತಯಾರಾಗುವಾಗ ಸಹಿಯ ಪ್ರತಿ, ಉತಾರ, ಠರಾವು, ಅಂದಾಜು ನಾಲ್ಕನ್ನೂ ಒಂದೇ ಫೈಲಿನಲ್ಲಿ ಪಿಎ ಕೈಗೆ ಕೊಟ್ಟು ಸ್ವೀಕೃತಿ ಪಡೆಯಿರಿ. ಕಟ್ಟೆ ಆದ ಮೇಲೆ ಜೆಸ್ಕಾಂ (ವಿದ್ಯುತ್ ಕಂಪನಿ) ಮೀಟರ್ ಪಂಚಾಯಿತಿ ಹೆಸರಿನಲ್ಲೇ ಇರಲಿ. ಮೇಳದ ಹೆಸರಿಗೆ ಮಾಡಿಸಿದರೆ ಬಿಲ್ಲೂ ಮೇಳದ ತಲೆಗೇ.