ಬಾವಲಿ ತಿಂದ ಬೀಜದಿಂದ ಆಲದ ಸಸಿ: ನನ್ನ ಅನುಭವ

ಮೂರು ಮಳೆಗಾಲ ಕೈ ಸುಟ್ಟುಕೊಂಡ ಮೇಲೆ ಹೋದ ವರ್ಷ ಬೀಜದಿಂದಲೇ ಆಲ, ಅತ್ತಿ ಸಸಿ ಎಬ್ಬಿಸಿದೆ. 2 ಸಾವಿರದ ಹತ್ತಿರ ಬಂದವು. ಕಲಬುರಗಿ ಜಿಲ್ಲೆಯ ನಮ್ಮ ಚಿಂಚೋಳಿ ಕಡೆ ಇಷ್ಟು ಸಸಿ ಬೀಜದಿಂದ ಮಾಡಿದವರನ್ನು ನಾನಂತೂ ನೋಡಿಲ್ಲ. 'ಟೊಂಗೆ ನೆಟ್ಟರೆ ಬರುತ್ತೆ, ಬೀಜದ ಹುಚ್ಚು ಯಾಕೆ' ಅಂತ ನರ್ಸರಿಯವರೆಲ್ಲ ಅಂದಿದ್ದರು. ಟೊಂಗೆ ಗಿಡಕ್ಕೆ ತಾಯಿಬೇರು ಇರಲ್ಲ, ನನಗೆ ಬೀಜದ ಗಿಡವೇ ಬೇಕಿತ್ತು.

ಮೊದಲ ವರ್ಷ ಹಣ್ಣು ಹಿಚುಕಿ ಬೀಜ ತೆಗೆದು ಕರಿ ಮಣ್ಣಿನ ಮಡಿಗೆ ಚೆಲ್ಲಿದೆ. ಮೇಲ್ಮಣ್ಣು ಗಟ್ಟಿಯಾಗಿ ಒಂದೂ ಏಳಲಿಲ್ಲ. ಮರುವರ್ಷ ಅರ್ಧ ಇಂಚು ಗೊಬ್ಬರ ಮುಚ್ಚಿ ಕೆಡಿಸಿದೆ. ಸಾಸಿವೆಗಿಂತ ಸಣ್ಣ ಬೀಜ, ಅದಕ್ಕೆ ಬೆಳಕು ಬೇಕು. ಮೂರನೇ ವರ್ಷ ನೆರಳು ಬಲೆ, ಟ್ರೇ, ಕೋಕೋಪಿಟ್ (ತೆಂಗಿನ ನಾರಿನ ಪುಡಿ) ಅಂತ 12 ಸಾವಿರ ಸುರಿದೆ. ಎದ್ದವೆಲ್ಲ ಒಂದೇ ವಾರದಲ್ಲಿ ಬುಡ ಕೊಳೆತು ಮಲಗಿದವು. ಮೂರೂ ವರ್ಷ ಸೇರಿ 20 ಸಾವಿರ ಹೋಯಿತು.

ನಮ್ಮ ಹಳೇ ಬಾವಿಯ ಕಲ್ಲಿನ ಸಂದಿಯಲ್ಲಿ ಮಾತ್ರ ಆಲ ತಾನಾಗೇ ಏಳುತ್ತಿತ್ತು. ಅಲ್ಲಿ ಬಿತ್ತಿದ್ದು ಯಾರು? ಹೊಲದಂಚಿನ ಹುಣಸೆ ಮರದಲ್ಲಿ ಇನ್ನೂರು ಮುನ್ನೂರು ದೊಡ್ಡ ಬಾವಲಿ ನೇತಾಡುತ್ತವೆ, ರೆಕ್ಕೆ ಬಿಚ್ಚಿದರೆ ಮೀಟರಿಗೂ ಜಾಸ್ತಿ. ಹಣ್ಣು ಅಗಿದು ರಸ ನುಂಗಿ ನಾರು ಉಗುಳುತ್ತವೆ. ಸಣ್ಣ ಬೀಜ ಹೊಟ್ಟೆಗೆ ಹೋಗಿ ಅರ್ಧ ಗಂಟೆಯ ಆಸುಪಾಸಿನಲ್ಲೇ ಹೊರಗೆ ಬರುತ್ತೆ. ನಸುಕಿನಲ್ಲಿ ಅವು ಮರಳುವ ಮುಂಚೆ ಮರದ ಕೆಳಗೆ ಹಳೇ ಸೀರೆ ಹಾಸಿಟ್ಟೆ. ಬೆಳಕು ಹರಿದಾಗ ಸೀರೆ ಮೇಲೆ ಕಂದು ಕಲೆ, ಒಂದೊಂದರಲ್ಲೂ ಹತ್ತಾರು ಹಳದಿ ಕಾಳು, ಮೈಮೇಲೆ ತಿರುಳೇ ಇಲ್ಲದ ಹಾಗೆ ಸ್ವಚ್ಛ. ಪಕ್ಕದ ಹೊಲದ ಹುಡುಗ ನಿಂತು ನೋಡಿ 'ಕಾಕಾ, ಬಾವಲಿ ಹಿಕ್ಕಿ ತೊಳೆದ್ರ ರೊಕ್ಕ ಬರ್ತದೇನ್ರಿ?' ಅಂದ.

ಬಂತು. ಬಕೆಟ್ಟಿನಲ್ಲಿ ತೊಳೆದು ತೇಲಿದ್ದನ್ನು ಚೆಲ್ಲಿದೆ. ಅತ್ತಿ ಹಣ್ಣು ಬಿಚ್ಚಿದರೆ ಹುಳ ಅಂತಾರಲ್ಲ, ಆ ಸಣ್ಣ ಕಣಜ ತಿಂದ ಜೊಳ್ಳೆಲ್ಲ ತೇಲುತ್ತೆ. ಮುಳುಗಿದ್ದನ್ನು ಇಟ್ಟಿಗೆ ಪುಡಿ, ಮರಳು ಬೆರೆಸಿದ ಟ್ರೇ ಮೇಲೆ ಸುಮ್ನೆ ಉದುರಿಸಿದೆ, ಮುಚ್ಚಲಿಲ್ಲ. ನೀರು ಮೇಲಿಂದ ಹಾಕಲೇಬೇಡಿ, ಟ್ರೇಯನ್ನೇ ನೀರಲ್ಲಿಡಿ. ಆ ನೀರಿಗೆ ನಾನೊಂದು ಬೆರೆಸುತ್ತೇನೆ, ಬುಡ ಕೊಳೆಯದಿರಲು. ಅದು ಸದ್ಯ ನನ್ನ ಹತ್ತಿರವೇ ಇರಲಿ. ಮೂರು ವಾರದೊಳಗೆ ಟ್ರೇ ಹಸಿರಾಯಿತು. ನೂರಕ್ಕೆ ಅರವತ್ತಾದರೂ ಎದ್ದಿರಬೇಕು.

2018ರಲ್ಲಿ ಕೇರಳದ ನಿಫಾ, ಅಂದರೆ ಬಾವಲಿಯಿಂದ ಹರಡುವ ವೈರಸ್ ಜ್ವರದ ಸುದ್ದಿ ಕೇಳಿದಾಗಿಂದ ಮನೆಯಲ್ಲಿ ಭಯ. ಗ್ಲೌಸ್, ಮಾಸ್ಕ್ ಇಲ್ಲದೆ ನಾನು ಸೀರೆ ಮುಟ್ಟಲ್ಲ, ನೀವೂ ಮುಟ್ಟಬೇಡಿ.

ಮಂಗಗಳ ಮೇಲೂ ಒಂದು ಪ್ರಯೋಗ ಮಾಡಿದೆ. ಕೆಂಪು ಮುಖದ ಮಂಗ ಬಾರಿ (ಬೋರೆ) ಹಣ್ಣು ಕೆನ್ನೆ ಚೀಲದಲ್ಲಿ ತುಂಬಿಕೊಂಡು ದೂರ ಹೋಗಿ ಬೀಜ ಉಗುಳುತ್ತೆ. ಕರಿ ಮುಖದ ಮುಸುವಕ್ಕೆ ಆ ಚೀಲವೇ ಇಲ್ಲ. ಮಂಗನ ಹಿಂದೆ ಓಡಿ ಆರಿಸಿದ್ದು ಒಂದು ಬೊಗಸೆ, ಬಿಟ್ಟುಬಿಟ್ಟೆ. ಬೇವು ಮಾತ್ರ ಲಾಭ. ಬಾವಲಿ ತಿರುಳು ತಿಂದು ಬೀಜ ಉದುರಿಸುತ್ತೆ, ಸಿಪ್ಪೆ ಸುಲಿಯುವ ಕೂಲಿ ಉಳಿಯಿತು. ಆ ಬೀಜ ಅರೆದು ಕಷಾಯ ಮಾಡಿ ತೊಗರಿಯ ಕಾಯಿಕೊರಕಕ್ಕೆ ಹೊಡೆದೆ.

ಸಸಿ 25ರಿಂದ 30 ರೂಪಾಯಿಗೆ ಹೋದವು. ಒಬ್ಬರು 500 ಹೇಳಿ ಒಯ್ಯಲೇ ಇಲ್ಲ, ಆದರೂ ಹಳೇ ನಷ್ಟ ತುಂಬಿ ಮೇಲೆ ಉಳಿಯಿತು. ವನ್ಯಜೀವಿ ಕಾಯ್ದೆಯಲ್ಲೇ ಬಹಳ ವರ್ಷ ಬಾವಲಿಯನ್ನು ಇಲಿ, ಕಾಗೆ ಜೊತೆ ಪೀಡೆ ಅಂತ ಸೇರಿಸಿದ್ದರು, ನನಗೆ ಅದು ಇವತ್ತಿಗೂ ಸಂಕಟ. ಮೊನ್ನೆ ಹುಣಸೆ ಮರ ಕೇಳಲು ಕಟ್ಟಿಗೆಯವರು ಬಂದಿದ್ದರು. 15 ಸಾವಿರದವರೆಗೆ ಏರಿಸಿದರು. ಕೊಡಲ್ಲ ಅಂದೆ.